ಸಿಡಿಲು ಮಳೆಗೆ ಸಿಕ್ಕಿಬಿದ್ದರೆ ಗವಿಗೆ ನುಗ್ಗಬಹುದಾ?

ಪರ: ತಾತ ಕಾಯ್ದುಕೊಂಡಿದ್ದು ಅಲ್ಲೇ

ಭರಣಿ ಮಳೆ ಹೇಗೆ ಬರುತ್ತದೆ ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಮೂರು ಗಂಟೆಗೆ ಸುಡು ಬಿಸಿಲು, ನಾಲ್ಕಕ್ಕೆ ಬಿರುಗಾಳಿ, ಹಿಂದೆಯೇ ಆಲಿಕಲ್ಲು. ಪಾಂಡವಪುರದ ಕುಂತಿ ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದ ನಮ್ಮ ತಾತ ಆಗ ಎಲ್ಲಿಗೆ ಓಡಬೇಕಿತ್ತು? ಕುರಿಗಳನ್ನು ಹೊಡೆದುಕೊಂಡು ಗವಿಗೇ ಹೋಗುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಒಮ್ಮೆ ಅಲ್ಲಿ ಕೂತಿದ್ದೆ. ಕಾಲಡಿ ಒಣಗಿದ ಹಿಕ್ಕೆ ಮೆತ್ತಗಿತ್ತು. ತಲೆ ಮೇಲೆ ಯಾವುದೋ ಕಾಲದ ಒಲೆಯ ಮಸಿ. ಹೊರಗೆ ಆಲಿಕಲ್ಲು ಬಂಡೆಗೆ ಬಡಿದು ಪುಟಿಯುತ್ತಿತ್ತು, ಒಳಗೆ ಕುರಿಗಳ ಮೈಬಿಸಿಗೆ ಚಳಿಯೇ ಇಲ್ಲ. ಒಂದು ಮರಿಗೂ ಏನೂ ಆಗಲಿಲ್ಲ.

ದೊಡ್ಡ ಅನಾಹುತದಲ್ಲೂ ಕಲ್ಲಿನ ಸೂರು ಜೀವ ಉಳಿಸಿದೆ. 1910ರಲ್ಲಿ ಅಮೆರಿಕದ ಇಡಾಹೋದಲ್ಲಿ ಕಾಡ್ಗಿಚ್ಚು ಸುತ್ತುವರಿದಾಗ ಎಡ್ ಪುಲಾಸ್ಕಿ ಎಂಬ ಅರಣ್ಯ ಸಿಬ್ಬಂದಿ ಸುಮಾರು 45 ಜನರನ್ನು ಹಳೇ ಗಣಿ ಸುರಂಗಕ್ಕೆ ನುಗ್ಗಿಸಿದರು. ಐವರು ತೀರಿಕೊಂಡರು, ಉಳಿದವರು ಬದುಕಿ ಬಂದರು. ಬಯಲಲ್ಲಿ ಒಂಟಿ ತೆಂಗಿನ ಮರದ ಕೆಳಗೆ ನಿಲ್ಲುವುದಕ್ಕಿಂತ ಗವಿ ಸಾವಿರ ಪಾಲು ವಾಸಿ ಅಲ್ವಾ?

ವಿರೋಧ: ಅದು ಗವಿಯಲ್ಲ, ಬಂಡೆಗಳ ಸಂದು

ಆಲಿಕಲ್ಲಿಗೆ ಗವಿ ಸರಿ, ಒಪ್ಪಿದೆ. ಆದರೆ ಭರಣಿಯಲ್ಲಿ ಆಲಿಕಲ್ಲಿನ ಜೊತೆ ಸಿಡಿಲೂ ಬರುತ್ತದಲ್ಲ!

ನಾನು ಮೈಸೂರಿನಿಂದ ಹುಡುಗರನ್ನು ಚಾರಣಕ್ಕೆ ಕರೆದೊಯ್ಯುತ್ತೇನೆ. ನಾಲ್ಕು ಹನಿ ಬಿದ್ದರೆ ಸಾಕು, ಎಲ್ಲರೂ ಬಂಡೆ ಕೆಳಗೆ ಓಡುತ್ತಾರೆ. ನನಗೆ ಜಾಸ್ತಿ ಭಯ ಅದೇ. ನಮ್ಮ ಬೆಟ್ಟಗಳ ಗವಿ ಅಂದರೆ ಹೆಚ್ಚಾಗಿ ಒಂದರ ಮೇಲೊಂದು ಕೂತ ಬಂಡೆಗಳ ನಡುವಿನ ಜಾಗ, ಆಳ ಇರುವುದಿಲ್ಲ. ಸಿಡಿಲು ಬೆಟ್ಟದ ತುದಿಗೆ ಬಡಿದರೆ ಅಲ್ಲೇ ನಿಲ್ಲುವುದಿಲ್ಲ. ಕರೆಂಟು ಒದ್ದೆ ಬಂಡೆಯ ಮೈಮೇಲೆ, ಬಿರುಕಿನ ನೀರಿನಲ್ಲಿ ಕೆಳಗಿಳಿಯುತ್ತದೆ. ಗವಿಯ ಬಾಯಿಗೆ ಬಂದಾಗ ಸೂರಿನಿಂದ ನೆಲಕ್ಕೆ ಹಾರುತ್ತದೆ. ಅಲ್ಲಿ ನಿಂತವರ ಮೈಯೇ ಅದಕ್ಕೆ ದಾರಿ.

ಒಮ್ಮೆ ಹುಡುಗಿಯೊಬ್ಬಳು ಅಂಥ ಗೋಡೆಗೆ ಒರಗಿ ಕೂತಿದ್ದಳು. ಮೇಲಿನ ಬಿರುಕಿನಿಂದ ಬೆರಳಗಲ ನೀರಿನ ಗೆರೆ ಇಳಿದು ಅವಳ ಬೆನ್ನು ತೋಯಿಸುತ್ತಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ಕೈ ಹಿಡಿದು ಎಳೆದು, ಗೋಡೆಯಿಂದ ದೂರ, ಕಾಲು ಜೋಡಿಸಿ ಬ್ಯಾಗಿನ ಮೇಲೆ ಕೂರಿಸಿದೆ. ಗುಡುಗು ನಿಲ್ಲುವವರೆಗೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಆಳವಾದ ಗವಿಯಾದರೆ? ಅಲ್ಲಿ ನೀರಿನ ಭಯ. ಥಾಯ್ಲೆಂಡಿನ ಥಾಮ್ ಲುವಾಂಗ್ ಗವಿಯಲ್ಲಿ 2018ರ ಜೂನ್ 23ರಂದು ಮಳೆ ನೀರು ನುಗ್ಗಿ 12 ಹುಡುಗರು, ಅವರ ಕೋಚ್ ಸಿಕ್ಕಿಕೊಂಡರು. ಕೊನೆಯವರು ಹೊರಬಂದಿದ್ದು ಜುಲೈ 10ಕ್ಕೆ. ಅವರಿಗಾಗಿ ಇಳಿದಿದ್ದ ಮುಳುಗುಗಾರರೊಬ್ಬರು ಜೀವ ಬಿಟ್ಟರು. ಭೂಕಂಪದ ಮಾತಂತೂ ಬೇಡವೇ ಬೇಡ. 1556ರಲ್ಲಿ ಚೀನಾದ ಶಾನ್‌ಶಿಯಲ್ಲಿ ಮಣ್ಣಿನ ಗುಡ್ಡ ಕೊರೆದು ಮಾಡಿಕೊಂಡ ಗವಿಮನೆಗಳು ಕುಸಿದವು. ಆ ಭೂಕಂಪದಲ್ಲಿ ಸತ್ತವರು 8 ಲಕ್ಷಕ್ಕೂ ಜಾಸ್ತಿ ಎಂಬ ಅಂದಾಜಿದೆ. ಚಿರತೆ, ಹೆಜ್ಜೇನು ಬೇರೆ.

ಆ ತಾತನಿಗೆ ಬೇರೆ ದಾರಿ ಇರಲಿಲ್ಲ. ನಮಗಿದೆ. ದಾಮಿನಿ ಆ್ಯಪ್ 20ರಿಂದ 40 ಕಿ.ಮೀ. ಸುತ್ತಲಿನ ಸಿಡಿಲಿನ ಸುಳಿವು ಕೊಡುತ್ತದೆ. ಈಗ ಮೊದಲ ಗುಡುಗು ಕೇಳಿದ ಕೂಡಲೇ ನಾವು ಬೆಟ್ಟ ಇಳಿದುಬಿಡುತ್ತೇವೆ. ವ್ಯಾನಿನ ಬಾಗಿಲು, ಗಾಜು ಹಾಕಿಕೊಂಡು ಒಳಗೆ ಕೂರುತ್ತೇವೆ. ಕೊನೇ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೂ ಯಾರೂ ಇಳಿಯುವುದಿಲ್ಲ.