ಸತ್ಯಾಂಶ: ಮ್ಯಾನ್ಮಾರ್‌ನ ಪೊಲೀಸರು ಯಾರ ಕೈಯಲ್ಲಿದ್ದರು?

‘2015ರ ಚುನಾವಣೆ ಗೆದ್ದ ಆಂಗ್ ಸಾನ್ ಸೂ ಕಿ ಒಂದು ಆದೇಶ ಹೊರಡಿಸಿದ್ದರೆ ರಖೈನ್ ರಾಜ್ಯದಲ್ಲಿ ರೋಹಿಂಗ್ಯಾ ಮುಸ್ಲಿಮರ ಮೇಲಿನ ಹಿಂಸೆ ನಿಲ್ಲುತ್ತಿತ್ತು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

2008ರ ಸಂವಿಧಾನದಂತೆ ರಕ್ಷಣೆ, ಗೃಹ, ಗಡಿ ವ್ಯವಹಾರಗಳ ಸಚಿವರನ್ನು ಹೆಸರಿಸುವುದು ಸೇನಾ ಮುಖ್ಯಸ್ಥರು. ಪೊಲೀಸರು ಗೃಹ ಖಾತೆಯಡಿ. ಅಂದರೆ ಅವರೂ ಸೇನೆಯ ಹಿಡಿತದಲ್ಲೇ. ಇದನ್ನು ತಿದ್ದೋಣವೆಂದರೆ ಸಂಸತ್ತಿನಲ್ಲಿ ಶೇ 75ಕ್ಕಿಂತ ಹೆಚ್ಚು ಮತ ಬೇಕು, ಶೇ 25 ಸ್ಥಾನ ಸೇನೆಗೇ ಮೀಸಲು. ಲೆಕ್ಕ ಅಲ್ಲಿಗೇ ಮುಗಿಯಿತು.

ಹಾಗೆಂದು ಸೂ ಕಿ ನಿರ್ದೋಷಿ ಎನ್ನಲಾಗದು. 2019ರ ಡಿಸೆಂಬರ್‌ನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ನಿಂತು ನರಮೇಧದ ಆರೋಪವನ್ನು ಅಲ್ಲಗಳೆದದ್ದು ಅವರೇ. ಅಲ್ಲಿ ಸಂವಿಧಾನವೇನೂ ಅವರ ಬಾಯಿ ಕಟ್ಟಿರಲಿಲ್ಲ. 2020ರ ಜನವರಿಯಲ್ಲಿ ನ್ಯಾಯಾಲಯ ರೋಹಿಂಗ್ಯಾಗಳ ರಕ್ಷಣೆಗೆ ತಾತ್ಕಾಲಿಕ ಆದೇಶ ನೀಡಿತು: ಕೈಗೊಂಡ ಕ್ರಮಗಳ ಬಗ್ಗೆ ಮ್ಯಾನ್ಮಾರ್ ಮೊದಲ ವರದಿಯನ್ನು ನಾಲ್ಕು ತಿಂಗಳೊಳಗೆ ಕೊಡಬೇಕು, ಆಮೇಲೆ ಆರು ತಿಂಗಳಿಗೊಂದು.