ಹನ್ನೊಂದು ತೂತಿನ ಪಟ್ಟಿ

ಅಟ್ಟದ ಟ್ರಂಕಿನಲ್ಲಿ, ಹಳೆಯ ಪಂಚಾಂಗ ಮತ್ತು ಮುರಿದ ಟಾರ್ಚಿನ ಕೆಳಗೆ, ಸಾಲಾಗಿ ತೂತು ಹೊಡೆದ ಕಬ್ಬಿಣದ ಪಟ್ಟಿಗಳು ಸಿಕ್ಕಿದವು ಅನ್ನಿ, ನಟ್ಟು ಬೋಲ್ಟು ಹಾಕಿ ಏನೇನೋ ಕಟ್ಟುವ ಹಳೆಯ ಆಟಿಕೆಯವು. ಮನೆಮಂದಿ ಗುಜರಿ ಗಾಡಿಯ ದಾರಿ ಕಾಯುತ್ತಾರೆ. ಒಬ್ಬರು ಮಾತ್ರ ನೆಲದ ಮೇಲೆ ಕೂತು ತೂತು ಎಣಿಸಲು ಶುರುಮಾಡುತ್ತಾರೆ. ವಯಸ್ಸು ನಲವತ್ತೋ ಐವತ್ತೋ ಇರಬಹುದು, ರೋಗ ಮಾತ್ರ ಹತ್ತರದ್ದು.

ಎಣಿಸುವುದು ಸರಿಯಾದ ಆರಂಭವೇ. ಹನ್ನೊಂದು ತೂತಿನ ಪಟ್ಟಿಯೊಂದನ್ನು ಎತ್ತಿಕೊಂಡು ಮೊದಲ ತೂತಿನ ನಡುವಿನಿಂದ ಕೊನೆಯ ತೂತಿನ ನಡುವಿಗೆ ಸ್ಕೇಲು ಹಿಡಿಯಿರಿ. 127 ಮಿಲಿಮೀಟರ್ ಬಂದರೆ ತೂತಿಗೂ ತೂತಿಗೂ ಅರ್ಧ ಇಂಚು, ಅಂದರೆ ಇಂಗ್ಲೆಂಡಿನ ಮೆಕ್ಯಾನೋ ಆಟಿಕೆಯ ಅಳತೆ. ಸರಿಯಾಗಿ 100 ಬಂದರೆ ಅದು ಚೆಕ್ ದೇಶದ ಇಂಥದೇ ಆಟಿಕೆ ಮೆರ್ಕುರ್‌ನ ಅಳತೆ. ಇವೆರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ಜನ್ಮದಲ್ಲಿ ಒಂದು ಚೌಕ ಕೂಡುವುದಿಲ್ಲ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದ ಆಟಿಕೆಗೆ ಮೆಕ್ಯಾನೋ ಎಂಬ ಹೆಸರು ಬಂದದ್ದು 1907ರಲ್ಲಿ. ನಮ್ಮ ಕಡೆಯ ಮನೆಗಳಿಗೆ ಹೆಚ್ಚಾಗಿ ಬಂದದ್ದು ಅದೇ ಬಗೆಯ ದೇಶೀ ಆಟಿಕೆ ಮೆಕ್ಯಾನಿಕ್ಸ್. ಅಪ್ಪಟ ಮೆಕ್ಯಾನೋ ಸಿಕ್ಕರೆ ವಯಸ್ಸನ್ನು ಬಣ್ಣವೇ ಹೇಳುತ್ತದೆ: ಬರೀ ನಿಕ್ಕಲ್ ಹೊಳಪಾದರೆ 1926ಕ್ಕೂ ಹಿಂದಿನದು, ಆಮೇಲೆ ಕೆಂಪು-ಹಸಿರು, 1934ರಿಂದ ನೀಲಿ-ಬಂಗಾರ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮತ್ತೆ ಕೆಂಪು-ಹಸಿರು, 1964ರಿಂದ ಹಳದಿ, ಕಪ್ಪು, ಬೆಳ್ಳಿ. ಹೊಸದಾಗಿ ಪೇಂಟು ಹೊಡೆದರೆ ಈ ಜಾತಕ ಅಳಿಸಿಹೋಗುತ್ತದೆ. ಆದ್ದರಿಂದ ಬಣ್ಣ ಎದ್ದಿದ್ದರೆ ಎದ್ದಿರಲಿ.

ಪಟ್ಟಿ ಉಳಿದಿರುತ್ತದೆ, ನಟ್ಟು ಬೋಲ್ಟು ಉಳಿದಿರುವುದಿಲ್ಲ. ಇದು ಎಲ್ಲ ಡಬ್ಬಿಗಳ ಕಥೆ. ಬಳ್ಳಾರಿಯ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಹಳೆಯ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿ, 'ಫೋರ್ ಎಂಎಂ' ಎಂದು ಒಂದು ಹಿಡಿ ತೆಗೆದು ಕೊಡುತ್ತಾರೆ. ತಪ್ಪು ಅವರದಲ್ಲ. ಮೆಕ್ಯಾನೋ ಬೋಲ್ಟಿನ ದಪ್ಪ 5/32 ಇಂಚು, ಅಂದರೆ 3.97 ಮಿಲಿಮೀಟರ್, ಕಣ್ಣಿಗೆ ನಾಲ್ಕೇ. ವ್ಯತ್ಯಾಸ ಇರುವುದು ಎಳೆಯಲ್ಲಿ, ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೀರಿನಲ್ಲಿ. ಇದರಲ್ಲಿ ಇಂಚಿಗೆ 32 ಎಳೆ, ಎಳೆಯಿಂದ ಎಳೆಗೆ 0.79 ಮಿಲಿಮೀಟರ್, ಫೋರ್ ಎಂಎಂನಲ್ಲಿ 0.7. ಹೊಸ ನಟ್ಟು ಒಂದೆರಡು ಸುತ್ತು ಬೆಣ್ಣೆಯಂತೆ ಹೋಗಿ ಆಮೇಲೆ ಕಚ್ಚುತ್ತದೆ. ಬಲವಂತ ಮಾಡಿದರೆ ಎರಡರ ಎಳೆಯೂ ಹಾಳು. ಫೋರ್ ಎಂಎಂ ಹಾಕಲೇಬೇಕೆಂದರೆ ನಟ್ಟು ಬೋಲ್ಟು ಎರಡನ್ನೂ ಜೋಡಿಯಾಗಿ ಹಾಕಿ, ಬೇರೆ ಡಬ್ಬಿಯಲ್ಲಿಡಿ. ಬೀಗರನ್ನೂ ದಾಯಾದಿಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಹಾಗಾಗಬಾರದು.

ಇನ್ನು ತುಕ್ಕು. ಸಂಡೂರಿನ ಗುಡ್ಡದ ಕೆಂಪು ಅದಿರು ಕಬ್ಬಿಣ ಮತ್ತು ಆಮ್ಲಜನಕದ ಸಂಸಾರ. ಪಟ್ಟಿಯ ತುಕ್ಕೂ ಅದೇ, ಜೊತೆಗೊಂದಿಷ್ಟು ನೀರು. ಕಬ್ಬಿಣಕ್ಕೆ ತವರಿನ ಸೆಳೆತ. ಬಳ್ಳಾರಿ, ರಾಯಚೂರಿನ ಒಣ ಹವೆ ಈ ಆಟಿಕೆಗೆ ಒಳ್ಳೆಯದೇ. ಕೆಡಿಸುವುದು ಬೇಸಿಗೆಯ ಕೂಲರ್. ಏಪ್ರಿಲ್, ಮೇ ತಿಂಗಳಲ್ಲಿ ಜನ ತಂಪಾಗಿ ಮಲಗುವ ಕೋಣೆಯ ಗಾಳಿಯೆಲ್ಲ ನೀರೇ. ಡಬ್ಬಿ ಆ ಕೋಣೆಯಲ್ಲಿ ಬೇಡ. ರಬ್ಬರ್ ಟೈರಿಗೆ ಅಟ್ಟದ ಕಾವೂ ಆಗದು, ಬಿರಿದುಬಿಡುತ್ತದೆ.

ಬಣ್ಣವಾಗಲಿ ನಿಕ್ಕಲ್ಲಾಗಲಿ ಇಲ್ಲದ ಕಬ್ಬಿಣದ ಸಾಮಾನಿಗೆ ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಸಾಕು. ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಕೂಡಲೇ ಬಿಸಿಲಿಗೆ ಹಾಕಿ. ಚಹಾ ಕುಡಿದು ಬಂದು ಒಣಗಿಸೋಣ ಎಂದರೆ ಅಷ್ಟರಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಕೂತಿರುತ್ತದೆ. ಬಣ್ಣ ಬಳಿದದ್ದನ್ನು ಹುಳಿಗೆ ಹಾಕಬೇಡಿ, ಬಣ್ಣವೇ ಏಳುತ್ತದೆ. ಅದಕ್ಕೆ ಸೋಪಿನ ನೀರು, ಮೇಲೆ ಎಣ್ಣೆಯ ಪಸೆ. ಎಣ್ಣೆ ಹೊಲಿಗೆ ಮಷಿನ್ನಿನದಾಗಲಿ. ಜೀನ್ಸ್ ಹೊಲಿಯುವ ಊರಿನಲ್ಲಿ ಅದಕ್ಕೂ ಬರವಿಲ್ಲ, ಒರೆಸಲು ಜೀನ್ಸಿನ ಕಟಿಂಗ್ ತುಂಡಿಗೂ ಬರವಿಲ್ಲ. ಎಣ್ಣೆ ಹೆಚ್ಚಾಗಿ ಸುರಿದರೆ ಮಾತ್ರ ಊರಿನ ಕೆಂಪು ಧೂಳು ಅದಕ್ಕಂಟಿ ಗಾಲಿಯ ತೂತನ್ನು ಅರದಂತೆ ತಿನ್ನುತ್ತದೆ.

ಹಿತ್ತಾಳೆಯ ಹಲ್ಲುಗಾಲಿ ಕಂಡ ಕೈ ತಾನಾಗಿ ಹುಣಸೆಹಣ್ಣಿನ ಭರಣಿಗೆ ಹೋಗುತ್ತದೆ. ಎರಡು ನಿಮಿಷ ಸಾಕು. ರಾತ್ರಿಯಿಡೀ ನೆನೆಸಿದರೆ ಹುಳಿ ಸತುವನ್ನು ಎಳೆದುಕೊಂಡು ಗಾಲಿ ತಾಮ್ರದ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ವಾಪಸು ಬರುವುದಿಲ್ಲ. ಕಚ್ಚಿಕೊಂಡ ನಟ್ಟಿಗೆ ಸೀಮೆಎಣ್ಣೆ ಉತ್ತಮ. ಅದೀಗ ದೇವರ ದರ್ಶನದಷ್ಟೇ ಅಪರೂಪ, ಡೀಸೆಲ್ ಆದೀತು. ಒಂದು ರಾತ್ರಿ ಬಿಟ್ಟು, ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ. ತುಕ್ಕಿನ ಹಿಡಿತ ಆಗಲೇ ಒಡೆಯುವುದು. ಪಟ್ಟಿ ಡೊಂಕಾಗುವುದು ಯಾವಾಗಲೂ ತೂತಿನ ಹತ್ತಿರ, ಅಲ್ಲಿ ಲೋಹ ಕಡಿಮೆ. ಸಾಗವಾನಿ ಹಲಗೆಯ ಮೇಲಿಟ್ಟು ಮರದ ಕೊಡತಿಯಿಂದ ತಟ್ಟಿದರೆ ನೇರವಾಗುತ್ತದೆ. ಕಬ್ಬಿಣದ ಸುತ್ತಿಗೆ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿ ಗಾಜಿನ ಕಪಾಟಿನಲ್ಲಿ ಸಾಲಾಗಿ ಇಡುವವರಿದ್ದಾರೆ. ಬಿಗಿಯದ ನಟ್ಟಿಗಿಂತ ಕಳೆದುಹೋದ ನಟ್ಟೇ ವಾಸಿ ಅನ್ನಿಸುತ್ತದೆ, ಅದು ಆಟದಲ್ಲಾದರೂ ಕಳೆದಿರುತ್ತದೆ. ಕಟ್ಟಲು ಏನಾದರೂ ಬೇಕೆಂದರೆ ತುಂಗಭದ್ರಾ ಅಣೆಕಟ್ಟಿನ ಗೇಟು ಇದೆ. 33 ಗೇಟುಗಳಲ್ಲಿ ಹತ್ತೊಂಬತ್ತನೆಯದು 2024ರ ಆಗಸ್ಟಿನಲ್ಲಿ ಚೈನು ತುಂಡಾಗಿ ಕೊಚ್ಚಿಹೋದ ಮೇಲೆ ಈ ಸೀಮೆಯ ಮಕ್ಕಳಿಗೂ ಗೇಟು ಎಂದರೇನು ಎಂದು ಗೊತ್ತು. ಎರಡು ಕೋನದ ಪಟ್ಟಿ ನೆಟ್ಟಗೆ ನಿಲ್ಲಿಸಿ, ನಡುವೆ ಐದೂವರೆ ಇಂಚಿನ ಅಂಚು ಮಡಿಚಿದ ತಗಡನ್ನು ಜಾರುವ ಹಾಗೆ ಬಿಡಿ. ಮೇಲೆ ಅಡ್ಡಕ್ಕೊಂದು ಸರಳು, ಅದಕ್ಕೆ 57 ಹಲ್ಲಿನ ಗಾಲಿ, ಗಾಲಿಗೆ ತಾಗಿದ ವರ್ಮ್ (ಸ್ಕ್ರೂವಿನಂತೆ ಸುರುಳಿ ಹಲ್ಲಿನ ತುಂಡು), ವರ್ಮಿಗೆ ಹಿಡಿಕೆ. ಸರಳಿಗೆ ಸುತ್ತುವ ದಾರವನ್ನು ತಗಡಿನ ಎರಡೂ ತುದಿಗೆ ಕಟ್ಟಬೇಕು. ಒಂದೇ ಕಡೆ ಕಟ್ಟಿದರೆ ತಗಡು ವಾಲಿ ಸಂದಿನಲ್ಲಿ ಕಚ್ಚುತ್ತದೆ. ಗಾಲಿ ತಿರುಗಿ ಸರಳು ತಿರುಗದಿದ್ದರೆ ಗಾಲಿಯ ಕುತ್ತಿಗೆಯ ಪುಟ್ಟ ಸ್ಕ್ರೂ ಸಡಿಲಾಗಿದೆ ಎಂದರ್ಥ.

ವರ್ಮಿನ ಗುಣ ಏನೆಂದರೆ ಹಿಡಿಕೆಯಿಂದ ಗಾಲಿ ತಿರುಗುತ್ತದೆ, ಗಾಲಿಯಿಂದ ಹಿಡಿಕೆ ತಿರುಗುವುದಿಲ್ಲ. ಕೈ ಬಿಟ್ಟರೂ ಗೇಟು ಅಲ್ಲೇ ನಿಲ್ಲುತ್ತದೆ. ಹಿಡಿಕೆ 57 ಸುತ್ತು ತಿರುಗಿದರೆ ಸರಳು ಒಂದು ಸುತ್ತು. ನಾಲ್ಕು ಮಿಲಿಮೀಟರ್ ಸರಳಿಗೆ ಒಂದು ಸುತ್ತು ದಾರವೆಂದರೆ ಹೆಚ್ಚುಕಡಿಮೆ ಅರ್ಧ ಇಂಚು. ಗೇಟು ಏರುವುದು ಒಂದೇ ಒಂದು ತೂತು. ನಾಲ್ಕು ತೂತು ಏರಿಸಲು 228 ಸುತ್ತು. ಅಷ್ಟರಲ್ಲಿ ಒಳಗಿನಿಂದ ಎರಡು ಸಲ ಊಟಕ್ಕೆ ಕರೆದಿರುತ್ತಾರೆ.