ಏನಾಗಲ್ಲ ಸಾರ್ ಅಂತ ಮಾರೋರ ಮೇಲೆ ನನ್ನ ಸಿಟ್ಟು

"ಇನ್ನೂ ಎಲ್ಡು ಹೋಗವೆ ಕಣ್ಲಾ, ಬಾ ಇಲ್ಲಿ."

ಬೆಳಗ್ಗೆ ಆರೂಕಾಲಿಗೆ ಅಪ್ಪ ಹಾಲಿಂದ ಕೂಗಿದ್ದು ಇದು. ಎದ್ದು ಬಂದು ನೋಡಿದ್ರೆ ಅಕ್ವೇರಿಯಂಲಿ ಎರಡು ಸಿಲ್ವರ್ ಡಾಲರ್ ಮೀನು ಮಗ್ಗುಲಾಗಿ ತೇಲ್ತಾ ಇದ್ವು. ಬಲೆ ಹಾಕಿ ತೆಗೆದೆ. 19 ದಿನದ ಹಿಂದೆ ತಂದಿದ್ದು 30 ಮೀನು, ಈಗ ಉಳಿದಿರೋದು 9. ಬಲೆ ಒರೆಸೋಕೆ ಅಂತ ಬಗ್ಗಿದಾಗ ಅಂಗಾಲಿಗೆ ತಣ್ಣಗಾಯ್ತು. ಸ್ಟ್ಯಾಂಡಿನ ಎಡ ಮೂಲೆ ಕೆಳಗೆ ನೆಲ ಒದ್ದೆ. ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ದೆ, ಇವತ್ತು ಹೇಳೇಬೇಕು.

ನಮ್ಮದು ಮೂಲ ಶ್ರೀರಂಗಪಟ್ಟಣದ ಕಡೆ, ಈಗ ಮೈಸೂರಿನ ಬೋಗಾದಿಯಲ್ಲಿ ಮನೆ. ನಾನು ಚಿಕ್ಕವನಿದ್ದಾಗ ಕಾವೇರಿ ದಂಡೆಯ ಪಶ್ಚಿಮವಾಹಿನಿ ಮೆಟ್ಟಿಲ ಮೇಲೆ ಕೂರಿಸಿ ಮಂಡಕ್ಕಿ ಹಾಕಿಸ್ತಿದ್ದೋರು ಅಪ್ಪ. ಮೀನು ಗುಂಪು ಕಟ್ಟಿಕೊಂಡು ಬಂದು ಮುತ್ತಿಕೊಳ್ಳೋವು. ಈಗ ಅವರಿಗೆ 76. ಎರಡೂ ಮಂಡಿ ಹೋಗಿವೆ, ಮೆಟ್ಟಿಲು ಇಳಿಯೋ ಮಾತೇ ಇಲ್ಲ. ನದಿಗೆ ಹೋಗೋಕಾಗಲ್ಲ ಅಂದ್ರೆ ಮನೇಲೇ ಒಂದು ದೊಡ್ಡ ಅಕ್ವೇರಿಯಂ ಮಾಡಿಕೊಡೋಣ, ಕೂತಲ್ಲೇ ನೋಡ್ತಾ ಇರಲಿ ಅಂತ ಎರಡು ವರ್ಷ ದುಡ್ಡು ಕೂಡಿಟ್ಟೆ. ಗಾಜು, ಸ್ಟ್ಯಾಂಡು, ಫಿಲ್ಟರು, ಲೈಟು ಎಲ್ಲ ಸೇರಿ 1,10,000 ರೂಪಾಯಿ. 8 ಅಡಿ ಉದ್ದ, 2.5 ಅಡಿ ಅಗಲ, 2.5 ಅಡಿ ಎತ್ತರ.

ಅಂಗಡಿಯವರ ಹೆಸರು ಹೇಳಲ್ಲ. ನನ್ನ ಸಿಟ್ಟು ಒಬ್ಬರ ಮೇಲಲ್ಲ. ನಾಲ್ಕು ಅಂಗಡಿ ಸುತ್ತಿದ್ದೀನಿ, ನಾಲ್ಕರಲ್ಲೂ ಏನೇ ಕೇಳಿದ್ರೂ ಬಂದ ಉತ್ತರ ಒಂದೇ: "ಏನಾಗಲ್ಲ ಸಾರ್."

ಆರ್ಡರ್ ಕೊಡೋ ದಿನ ಕೇಳಿದೆ, ಇಷ್ಟು ಭಾರ ನೆಲ ತಡೆಯುತ್ತಾ? "ಮೂರನೇ ಫ್ಲೋರಲ್ಲೇ ಕೂರಿಸಿ ಕೊಟ್ಟಿದ್ದೀನಿ ಸಾರ್, ಏನಾಗಲ್ಲ." ಆವತ್ತು ತಲೆ ಆಡಿಸಿ ಬಂದೆ. ಆಮೇಲೆ ಮನೇಲಿ ಕೂತು ಲೆಕ್ಕ ಹಾಕಿದಾಗ ಎದೆ ಝಲ್ ಅಂತು. 8 ಇಂಟು 2.5 ಇಂಟು 2.5, ಅಂದ್ರೆ 50 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿನ ಮೇಲೆ ನೀರು ಹಿಡಿಯುತ್ತೆ. ಒಟ್ಟು 1,400 ಲೀಟರ್, ಬರೀ ನೀರೇ 1,400 ಕೆಜಿ. ಗಾಜು, ಮರಳು, ಕಲ್ಲು, ಕಬ್ಬಿಣದ ಸ್ಟ್ಯಾಂಡು ಸೇರಿದ್ರೆ ಹತ್ತಿರ ಹತ್ತಿರ ಎರಡು ಟನ್. ಇಷ್ಟೂ ನಿಲ್ಲೋದು ಎರಡು ಚದರ ಮೀಟರಿಗಿಂತ ಕಮ್ಮಿ ಜಾಗದಲ್ಲಿ. ಮನೆಗಳ ಮಹಡಿ ನೆಲವನ್ನ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಓಡಾಟದ ಭಾರಕ್ಕೆ ಲೆಕ್ಕ ಹಾಕಿ ಕಟ್ಟೋದು. ಇದು ಐದು ಪಟ್ಟು! ತೊಲೆ ಎಲ್ಲಿ ಹೋಗಿದೆ, ಗೋಡೆ ಎಲ್ಲಿದೆ ಅಂತ ಇಂಜಿನಿಯರ್ ಹತ್ರ ತೋರಿಸದೆ ಮೂರನೇ ಮಹಡಿಲಿ ಹೇಗ್ರೀ ಇಡ್ತೀರಾ? ಕೆಳಗಿನ ಮನೇಲಿ ಮಗು ಮಲಗಿರಲ್ವಾ? ನನ್ನದು ಗ್ರೌಂಡ್ ಫ್ಲೋರ್ ಮನೆ, ಬಚಾವಾದೆ. ಆ ಮೂರನೇ ಮಹಡಿಯವರು ಯಾರೋ, ಅವರಿಗೆ ಗೊತ್ತಿದೆಯೋ ಇಲ್ವೋ, ನೆನೆಸಿಕೊಂಡ್ರೆ ಈಗಲೂ ಸಂಕಟ ಆಗುತ್ತೆ.

ನೆಲದ ಬಗ್ಗೆ ಸರಿಯಾಗಿ ವಿಚಾರಿಸಿದ್ದು ಒಬ್ಬರೇ, ನಮ್ಮ ಮನೆ ಕಟ್ಟಿದ ಗಾರೆ ಮೇಸ್ತ್ರಿ. ಕರೆದಿದ್ದು ಪ್ಲಗ್ ಪಾಯಿಂಟಿಗೆ ಗೋಡೆ ಕೊರೆಯೋಕೆ. ಸ್ಟ್ಯಾಂಡು ನೋಡಿದವರೇ ಚೀಲದಿಂದ ರಸಮಟ್ಟ ತೆಗೆದು ಮೇಲಿಟ್ರು. ಗುಳ್ಳೆ ಒಂದು ಕಡೆಗೆ ಓಡಿಬಿಡ್ತು. ಎಂಟು ಅಡಿಗೆ 9 ಮಿಲಿಮೀಟರ್ ಇಳಿಜಾರು. ಅಂಗಡಿ ಹುಡುಗರು ಎಡಗಾಲ ಕೆಳಗೆ ಪ್ಲೈವುಡ್ ಚೂರು ತುರುಕಿ ಹೋಗಿದ್ರು. "ಗಾಜು ತಿರುಚಿಕೊಂಡ್ರೆ ಮೂಲೆ ಬಿಟ್ಕೊಳ್ಳುತ್ತೆ ಸ್ವಾಮಿ" ಅಂದ್ರು ಮೇಸ್ತ್ರಿ. ಮಟ್ಟ ಮಾಡಿ, ಥರ್ಮಾಕೋಲ್ ಹಾಸಿ, ಮತ್ತೆ ಕೂರಿಸೋಕೆ ಅರ್ಧ ದಿನ ಹಿಡೀತು. ದುಡ್ಡು ಬೇಡ ಅಂದ್ರು. ಮೀನು ಸಾಕಿದವರಲ್ಲ, ಅಕ್ವೇರಿಯಂ ಮಾರಿದವರಲ್ಲ. ಕೆಲಸ ಗೊತ್ತಿರೋ ಮನುಷ್ಯ, ಅಷ್ಟೇ.

ಇನ್ನು ಮೀನಿನ ವಿಷಯ. ಇದನ್ನ ಹೇಳೋವಾಗ ಕೈ ನಡುಗುತ್ತೆ.

ನೀರು ತುಂಬಿದ ಮಾರನೇ ದಿನವೇ ಅಂಗಡಿಯಿಂದ ಫೋನು. "ಸ್ಟಾಕ್ ಬಂದಿದೆ ಸಾರ್, ಇವತ್ತೇ ಬಿಡಬಹುದು." ಹೊಸ ನೀರಿಗೆ ಇಷ್ಟು ಬೇಗ ಬಿಟ್ರೆ ಪರವಾಗಿಲ್ವಾ ಅಂದೆ. ನೀಲಿ ಬಾಟಲಿ ಒಂದು ಕೊಟ್ಟು, ಕ್ಲೋರಿನ್ ಹೋಗುತ್ತೆ, ಏನಾಗಲ್ಲ ಅಂದ್ರು. ಕ್ಲೋರಿನ್ ಹೋಯ್ತು, ಸರಿ. ಅಮೋನಿಯಾ? ಮೀನು ಉಸಿರಾಡಿದ್ರೂ ಅಮೋನಿಯಾ, ಹೇತರೂ ಅಮೋನಿಯಾ, ಮಿಕ್ಕಿದ ಕಾಳು ಕೊಳೆತರೂ ಅಮೋನಿಯಾ. ಅದನ್ನ ತಿಂದು ನೈಟ್ರೈಟ್ ಮಾಡೋಕೆ ಒಂದು ಬಗೆ ಬ್ಯಾಕ್ಟೀರಿಯಾ ಬೇಕು, ಆ ನೈಟ್ರೈಟನ್ನ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡೋಕೆ ಇನ್ನೊಂದು. ಇವು ಫಿಲ್ಟರಿನ ಸ್ಪಂಜಲ್ಲಿ, ಕಲ್ಲಲ್ಲಿ ನೆಲೆ ನಿಲ್ಲೋಕೆ ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಕಾಯೋ ಹಾಗೆ ಕಾಯಬೇಕು, ಅವಸರ ಮಾಡಿದ್ರೆ ಕೆಡುತ್ತೆ. ಇದು ಯಾವುದೋ ಗುಟ್ಟಿನ ವಿದ್ಯೆ ಅಲ್ಲ, ಮೀನು ಮಾರೋ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಮೊದಲ ಪಾಠ. ನನಗೆ ಗೊತ್ತಾಗಿದ್ದು 7 ಮೀನು ಸತ್ತ ಮೇಲೆ, ಟೆಸ್ಟ್ ಕಿಟ್ ತರಿಸಿ ಹನಿ ಹಾಕಿದಾಗ. ಹಳದಿ ಇರಬೇಕಾದ ನೀರು ಕಡು ಹಸಿರಿಗೆ ತಿರುಗ್ತು. ಅರ್ಧ ತುಂಬಿದ್ದು ಬೋರ್ ನೀರು ಬೇರೆ, ಅಂಥ ಗಡಸು, ಕ್ಷಾರದ ನೀರಲ್ಲಿ ಅಮೋನಿಯಾ ಇನ್ನೂ ಜಾಸ್ತಿ ವಿಷ. ಪಾಪ, ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ವು. "ಅವುಕ್ಕೆ ಹೊಟ್ಟೆ ಹಸ್ದದೆ ಅಂತ ಕಾಣ್ತದೆ ಕಣೋ" ಅಂತ ಅಪ್ಪ ಇನ್ನೊಂದು ಚಿಟಿಕೆ ಕಾಳು ಹಾಕಿದ್ರು. ಅವರದ್ದೇನು ತಪ್ಪು? ಯಾರು ಹೇಳಿದ್ರು ಅವರಿಗೆ?

ಅಂಗಡಿಗೆ ಫೋನ್ ಮಾಡಿದೆ. ಮೀನಿನ ರೋಗಕ್ಕೆ ಹಾಕೋ ನೀಲಿ ಔಷಧಿ ಹಾಕಿ, ಫಿಲ್ಟರ್ ಸ್ಪಂಜನ್ನ ನಲ್ಲಿ ನೀರಲ್ಲಿ ಉಜ್ಜಿ ತೊಳೀರಿ ಅಂದ್ರು. ಹಾಗೇ ಮಾಡಿದೆ. ನಾಲ್ಕು ಬ್ಯಾಕ್ಟೀರಿಯಾ ಹುಟ್ಟಿದ್ರೆ ಅವೂ ಆ ಔಷಧಿಗೆ, ನಲ್ಲಿಯ ಕ್ಲೋರಿನ್ನಿಗೆ ಸತ್ತಿರುತ್ವೆ. ಮತ್ತೆ ಮೊದಲಿಂದ. 13ನೇ ಮೀನು ಸತ್ತ ದಿನ ನೇರವಾಗಿ ಹೋಗಿ ನಿಂತೆ. ಆಗ ಬಂದ ಮಾತು: "ಮೀನು ಅಂದ್ರೆ ಅಷ್ಟೇ ಸಾರ್, ಸಾಯ್ತವೆ. ಬೇರೆ ಜೋಡಿ ಹಾಕೊಡ್ತೀನಿ, ಏನಾಗಲ್ಲ." ಏನಾಗಲ್ಲ ಅಂದ್ರೆ ಏನ್ರೀ ಅರ್ಥ? ಸತ್ತಿದ್ದು ಏನೂ ಆಗದ ಹಾಗೇನಾ?

ಕೊಟ್ಟಿದ್ದಾದ್ರೂ ಎಂಥ ಮೀನು! 12 ಟೈಗರ್ ಶಾರ್ಕ್, ಎರಡು ಇಂಚಿನ ಮರಿ. ಶಾರ್ಕೂ ಅಲ್ಲ ಏನೂ ಅಲ್ಲ, ಮೆಕಾಂಗ್ ನದಿ ಕಡೆಯ ಪಂಗಾಸಿಯಸ್ ಅನ್ನೋ ಕ್ಯಾಟ್‌ಫಿಶ್, ಹೋಟೆಲಲ್ಲಿ ಬಾಸಾ ಅಂತ ಕೊಡ್ತಾರಲ್ಲ ಅದೇ. ಚೆನ್ನಾಗಿ ಬೆಳೆದ್ರೆ ಮೂರು ಅಡಿ ದಾಟುತ್ತೆ. ಗುಂಪಲ್ಲಿ ಓಡಾಡೋ ಮೀನು, ಬೆದರಿದ್ರೆ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತೆ. ಎರಡೂವರೆ ಅಡಿ ಅಗಲದಲ್ಲಿ ಮೂರಡಿ ಮೀನು ತಿರುಗೋದು ಹೇಗೆ ಅಂತ ಕೇಳಿದ್ದಕ್ಕೆ ಬಂದ ಉತ್ತರ ಕೇಳಿ: "ದೊಡ್ಡದಾದ್ರೆ ಯಾವುದಾದ್ರೂ ಕೆರೇಲೋ ಹೊಳೇಲೋ ಬಿಟ್ಬಿಡಿ ಸಾರ್."

ಹೊಳೇಲಿ ಬಿಡೋದಾ? ಯಾವ ಹೊಳೆ ರೀ? ಕಾವೇರೀಲಾ? ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲದ ನಮ್ಮ ದೊಡ್ಡ ಗೂನುಬೆನ್ನಿನ ಮಹಶೀರ್ ಮೀನು ಇವತ್ತು ಅಳಿವಿನಂಚಿನ ಕೊನೇ ಮೆಟ್ಟಿಲಲ್ಲಿದೆ, ಅಳಿಯೋ ಭಯದಲ್ಲಿರೋ ಜೀವಿಗಳ ಕೆಂಪು ಪಟ್ಟಿಯನ್ನ 2018ರಲ್ಲೇ ಸೇರಿದೆ. ಗಾಜು ಕ್ಲೀನ್ ಮಾಡುತ್ತೆ ಅಂತ ಅಂಗಡಿಗಳು ಮಾರೋ ಸಕ್ಕರ್ ಮೀನು, ದಕ್ಷಿಣ ಅಮೆರಿಕಾದ್ದು, ಹೀಗೇ ಬಿಟ್ಟು ಬಿಟ್ಟು ದೇಶದ ಎಷ್ಟೋ ಕೆರೆ ನದಿಗಳಲ್ಲಿ ತುಂಬಿಕೊಂಡಿದೆ, ಬೆಸ್ತರ ಬಲೆ ಹರೀತಿದೆ. ಅಪ್ಪ ಮಂಡಕ್ಕಿ ಹಾಕ್ತಿದ್ದ ಮೆಟ್ಟಿಲ ಹತ್ರ ನಾನು ಹೋಗಿ ಇದನ್ನ ಸುರಿದು ಬರಬೇಕಾ? ಆವತ್ತು ಅಂಗಡೀಲಿ ನನ್ನ ದನಿ ಏರಿದ್ದು ಮೀನು ಸತ್ತಿದ್ದಕ್ಕಲ್ಲ, ಈ ಮಾತಿಗೆ.

ಈಗ ಇವತ್ತಿನ ಒದ್ದೆ ನೆಲ. ಅನುಮಾನ ಬಂದು ಮುಂದಿನ ಗಾಜಿನ ಎರಡು ತುದಿಗೂ ಸೇರಿಸಿ ದಾರ ಎಳೆದು ಹಿಡಿದೆ. ಮಧ್ಯದಲ್ಲಿ ಗಾಜು 6 ಮಿಲಿಮೀಟರ್ ಹೊಟ್ಟೆ ಬಿಟ್ಟಿತ್ತು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟರ್ನರ್ ಆಗಿರೋ ಪಕ್ಕದ ಮನೆಯವರನ್ನ ಕರೆದೆ, ದಪ್ಪ ಅಳೆಯೋ ವರ್ನಿಯರ್ ಕ್ಯಾಲಿಪರ್ ತಂದ್ರು. ಗಾಜಿನ ಮೇಲಂಚಿಗೆ ಕಚ್ಚಿಸಿ ನೋಡಿದ್ರೆ 12. ಇನ್ನೊಂದು ಕಡೆ, ಅಲ್ಲೂ 12. ಬಿಲ್ಲಲ್ಲಿ 15 ಎಂಎಂ ಅಂತ ಬರೆದಿದೆ, ದುಡ್ಡು ಕೊಟ್ಟಿರೋದು 15ಕ್ಕೆ. ಮೇಲೆ ಸುತ್ತ ಪಟ್ಟಿ ಗಾಜು ಕೂರಿಸ್ತೀವಿ ಅಂದಿದ್ರು, ಮಧ್ಯ ಒಂದೇ ಒಂದು ಅಡ್ಡಪಟ್ಟಿ ಅಂಟಿಸಿದ್ದಾರೆ. ಮೂರು ಮಿಲಿಮೀಟರ್ ತಾನೇ ಅನ್ನಬೇಡಿ. ಎರಡೂವರೆ ಅಡಿ ನೀರು ನಿಂತಾಗ ಆ ಎಂಟಡಿ ಗಾಜನ್ನ ಹೊರಕ್ಕೆ ತಳ್ಳೋ ಬಲ 700 ಕೆಜಿ ಭಾರಕ್ಕೆ ಸಮ. ಅಪ್ಪನ ಕುರ್ಚಿ ಇರೋದು ಅದರ ಮುಂದೆ, ಮೂರು ಅಡಿ ದೂರದಲ್ಲಿ. ದಿನಾ ಬೆಳಗ್ಗೆ ಬಂದು ಗಾಜಿಗೆ ಕೈ ಊರಿಕೊಂಡು ಮೀನು ಎಣಿಸ್ತಿದ್ರು.

ಕುರ್ಚಿ ಎತ್ತಿ ಆಚೆ ಇಟ್ಟೆ. ಪೈಪ್ ಹಾಕಿ ನೀರು ಎಳೆದು ತೆಂಗಿನ ಬುಡಕ್ಕೆ ಬಿಟ್ಟೆ. ನೀರು ಅರ್ಧಕ್ಕಿಳಿದ್ರೆ ಆ ಬಲ ಕಾಲು ಭಾಗಕ್ಕಿಳಿಯುತ್ತೆ, ಅಲ್ಲಿವರೆಗೂ ಉಸಿರು ಬಿಗಿ ಹಿಡ್ಕೊಂಡೇ ನಿಂತಿದ್ದೆ. ಉಳಿದ 9 ಮೀನನ್ನ 500 ಲೀಟರ್ ಡ್ರಮ್ಮಿಗೆ ಹಾಕಿ, ಫಿಲ್ಟರನ್ನೂ ತೊಳೆಯದೆ ಹಾಗೇ ಅದಕ್ಕೆ ಜೋಡಿಸಿ ಸಿಟೌಟಲ್ಲಿ ಇಟ್ಟಿದ್ದೀನಿ. ಅಪ್ಪನ ಕುರ್ಚಿಯೂ ಈಗ ಅಲ್ಲೇ. ಡ್ರಮ್ಮಲ್ಲಿ ಮೇಲಿಂದ ಬಗ್ಗಿ ನೋಡಬೇಕು, ಅವರಿಗೆ ಬಗ್ಗೋಕಾಗಲ್ಲ. ಆದ್ರೂ ಕೂತಿದ್ದಾರೆ.

ನಾಳೆ ಹತ್ತು ಗಂಟೆಗೆ ಬಿಲ್ಲು, ಕ್ಯಾಲಿಪರ್ ಎರಡೂ ತಗೊಂಡು ಅಂಗಡಿಗೆ ಹೋಗ್ತಿದ್ದೀನಿ, ಟರ್ನರ್ ಅಣ್ಣನೂ ರಜೆ ಹಾಕಿ ಬರ್ತೀನಿ ಅಂದಿದ್ದಾರೆ. 15 ಎಂಎಂ ಗಾಜು ಹಾಕಿ ಹೊಸದಾಗಿ ಮಾಡಿಕೊಡಬೇಕು, ಇಲ್ಲ ಪೂರ್ತಿ ದುಡ್ಡು ಎಣಿಸಬೇಕು. ಎರಡೂ ಆಗಲ್ಲ ಅಂದ್ರೆ ಗ್ರಾಹಕರ ಆಯೋಗಕ್ಕೆ ದೂರು ಬರೆದು ಇಟ್ಕೊಂಡೇ ಹೊರಟಿದ್ದೀನಿ.